ಹಳೇ ಮನೆಯ ಬಟ್ಟೆ ಒಗೆಯೋ ಸಿಮೆಂಟ್ ತೊಟ್ಟಿ: ಒಡೆಯೋದಾ, ರಿಪೇರಿ ಮಾಡಿಸೋದಾ?

ಹಿತ್ತಲಮನೆ:
ಮೈಸೂರಿನ ಹಳೇ ಮನೆ. ಹಿತ್ತಲಲ್ಲಿ ಕಾಂಕ್ರೀಟ್ ತೊಟ್ಟಿ, ಒಳಗೆ ರೆಡ್ ಆಕ್ಸೈಡ್ ಗಾರೆ. ಮುಂದಿನ ಅಂಚಲ್ಲಿ ಗೇಣುದ್ದ ಚಕ್ಕೆ ಎದ್ದು ಕಂಬಿ ಕಾಣ್ತಿದೆ. ಒಂದು ಮೂಲೆಯಲ್ಲಿ ಬಿರುಕು, ನೀರು ಹೋಗೋ ಕಿಂಡಿ ಸುತ್ತ ಜಿನುಗು, ಬೋರ್ ನೀರಿನ ಬಿಳಿ ಕಲೆ ಬೇರೆ. ಒಡೆದು ಸ್ಟೀಲ್ ಸಿಂಕ್ ಹಾಕಿಸಿ ಅಂತಾರೆ ಮೇಸ್ತ್ರಿ. ಉಳಿಸ್ಕೋಬಹುದಾ? ಕಲೆಗೆ ಆಸಿಡ್ ಹಾಕಬಹುದಾ?

ಗಾರೆತಾಪಿ:
ಆಸಿಡ್ ಬೇಡವೇ ಬೇಡ. ಕಲೆ ಕರಗಿಸೋ ಆಸಿಡ್ ಸಿಮೆಂಟನ್ನೂ ಕರಗಿಸುತ್ತೆ, ಬಿರುಕಿನಲ್ಲಿ ಇಳಿದು ಕಂಬಿಯನ್ನೂ ತಿನ್ನುತ್ತೆ. ನಿಂಬೆಹುಳಿ, ವಿನೆಗರ್ ಕೂಡ ಅದೇ ಜಾತಿ, ಸ್ವಲ್ಪ ನಿಧಾನ ಅಷ್ಟೇ. 220 ನಂಬರ್ ವಾಟರ್ ಪೇಪರ್ (ನೀರಲ್ಲಿ ಬಳಸೋ ಉಜ್ಜು ಕಾಗದ), ಆಮೇಲೆ 400, ನೀರು ಬಿಟ್ಕೊಂಡು ಉಜ್ಜಿ.

ಅಂಚು ಎದ್ದಿರೋದು ಕಂಬಿ ತುಕ್ಕು ಹಿಡಿದು ಊದಿಕೊಂಡಿದ್ದಕ್ಕೆ. ಮೇಲೆ ಸಿಮೆಂಟ್ ಮೆತ್ತಿದರೆ ಮತ್ತೆ ಉದುರುತ್ತೆ. ಸುತ್ತಿಗೆ ಹಿಡಿಯಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದಷ್ಟನ್ನೂ ಉಳಿಯಿಂದ ಬಿಡಿಸಿ. ಕಂಬಿಯ ಹಿಂದೆಯೂ ಸುಮಾರು 20 ಮಿ.ಮೀ. ಬಿಡಿಸಬೇಕು. ವೈರ್ ಬ್ರಷ್‌ನಲ್ಲಿ ಕಂಬಿ ಹೊಳೆಯೋ ತನಕ ಉಜ್ಜಿ ಜಿಂಕ್ ಪ್ರೈಮರ್ ಹೊಡೀರಿ.

ಗಾರೆಗೆ ಸಿಮೆಂಟ್ 1, ಜರಡಿ ಹಿಡಿದ ಮರಳು 3. ಕಲಸೋಕೆ ಎಸ್‌ಬಿಆರ್ ಲೇಟೆಕ್ಸ್ (ಸಿಮೆಂಟಿಗೆ ಬೆರೆಸೋ ಹಾಲಿನಂಥ ಅಂಟು) ಮತ್ತು ನೀರು ಸಮಸಮ. ಮುಷ್ಟಿಯಲ್ಲಿ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಹಳೇ ಕಾಂಕ್ರೀಟ್ ನೆನೆಸಿ, ಮೇಲಿನ ನೀರು ಆರಿದ ಮೇಲೆ ಸಿಮೆಂಟಿಗೆ ಲೇಟೆಕ್ಸ್ ಬೆರೆಸಿದ ತೆಳು ಹಾಲು ಬಳಿದು, ಅದು ಹಸಿ ಇರುವಾಗಲೇ ಗಾರೆ ಒತ್ತಿ. ಹಾಲು ಒಣಗಿದರೆ ಪೊರೆ ಕಟ್ಟಿ ಗಾರೆ ಕಚ್ಚೋದೇ ಇಲ್ಲ. ಬಹುಪಾಲು ಪ್ಯಾಚ್ ಬಿದ್ದುಹೋಗೋದು ಇಲ್ಲೇ. ತುಂಬೋ ಆಳ 15 ಮಿ.ಮೀ. ಮೀರಿದರೆ ಎರಡು ಸಲ ತುಂಬಿಸಿ. ಒಂದು ದಿನ ಒದ್ದೆ ಗೋಣಿ ಹೊದಿಸಿ, ಆಮೇಲೆ ನೆರಳಲ್ಲಿ ಆರಲಿ. ಲೇಟೆಕ್ಸ್ ಗಟ್ಟಿಯಾಗಬೇಕಾದರೆ ಒಣಗಲೇಬೇಕು, ವಾರವಿಡೀ ನೀರು ಕಟ್ಟೋ ಪದ್ಧತಿ ಇದಕ್ಕಲ್ಲ.

ನಲ್ಲಿಕೆಲಸ:
ಮೂಲೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದಿಡಿ. ಗೆರೆ ದಾಟಿ ಬೆಳೆದರೆ ತೊಟ್ಟಿ ಕೆಳಗಿನ ಇಟ್ಟಿಗೆ ಕಟ್ಟೆ ಕುಸೀತಿರಬಹುದು. ಮೊದಲು ಅದನ್ನು ಸರಿಮಾಡಿಸಿ. ಬೆಳೆಯದಿದ್ದರೆ ವಿ ಆಕಾರದಲ್ಲಿ 10 ಮಿ.ಮೀ. ಕೊರೆದು ಅದೇ ಗಾರೆ ತುಂಬಿ.

ಕಿಂಡಿ ಜಿನುಗೋಕೆ ಸಾಮಾನ್ಯ ಕಾರಣ ಪಿವಿಸಿ ಪೈಪನ್ನು ನೇರ ಸಿಮೆಂಟಲ್ಲಿ ಹೂತಿರೋದು. ನುಣುಪು ಪಿವಿಸಿಗೆ ಸಿಮೆಂಟ್ ಹಿಡಿಯಲ್ಲ. ಅದನ್ನು ತೆಗೆಸಿ ವೇಸ್ಟ್ ಕಪ್ಲಿಂಗ್ (ಕಿಂಡಿಗೆ ನಟ್ ಹಾಕಿ ಬಿಗಿಯೋ ನೀರು ಹೋಗೋ ಕೊಳವೆ) ಹಾಕಿಸಿ, ಫುಲ್ ಥ್ರೆಡ್ ಅಂತಲೇ ಕೇಳಿ. ಹಾಫ್ ಥ್ರೆಡ್‌ನ ಪಕ್ಕದಲ್ಲಿ ಓವರ್‌ಫ್ಲೋ ಕಿಂಡಿ ಇರುತ್ತೆ, ಅದರಿಂದ ನೀರು ಕಾಂಕ್ರೀಟ್ ಒಳಗೇ ಸೇರುತ್ತೆ. ತಳ ದಪ್ಪ ಇದ್ದು ನಟ್ ಸಿಗದಿದ್ದರೆ ಅಡಿಯಿಂದ ನಟ್ ಕೂರುವಷ್ಟು ತಗ್ಗು ಕೆತ್ತಬೇಕು. ಕಪ್ಲಿಂಗ್ ಸುತ್ತ ಸಿಲಿಕಾನ್ ಸೀಲಂಟ್ ಹಚ್ಚೋದಾದರೆ ಆ ಜಾಗ ಪೂರ್ತಿ ಒಣಗಿದ ಮೇಲೆ ಮಾತ್ರ.

ಹಿತ್ತಲಮನೆ:
ಒಳಗೆಲ್ಲ ವಾಟರ್‌ಪ್ರೂಫ್ ಕೋಟ್ ಹೊಡೆಸಿಬಿಟ್ರೆ?

ಗಾರೆತಾಪಿ:
ರೆಡ್ ಆಕ್ಸೈಡ್ ಮುಚ್ಚಿಹೋಗುತ್ತೆ, ಬಟ್ಟೆ ಉಜ್ಜೋ ಜಾಗದಲ್ಲಿ ಕೋಟ್ ಸಿಪ್ಪೆ ಏಳುತ್ತೆ. ಪ್ಯಾಚ್ ಮೇಲ್ಪದರಕ್ಕೆ ಮಾತ್ರ ಕೆಂಪು ಪುಡಿ ಸೇರಿಸಿ, ಸಿಮೆಂಟ್ ತೂಕದ 10% ಮೀರಬಾರದು, ಒಣ ಸಿಮೆಂಟಲ್ಲೇ ಬೆರೆಸಿ. ಹಸಿಯಲ್ಲಿ ಬಣ್ಣ ಗಾಢ ಕಾಣುತ್ತೆ, ಒಂದು ಬಿಲ್ಲೆ ಒಣಗಿಸಿ ಹೋಲಿಸಿ ನೋಡಿ.

ನಲ್ಲಿಕೆಲಸ:
ವಾರ ಬಿಟ್ಟು ಕಿಂಡಿ ಮುಚ್ಚಿ ನೀರು ತುಂಬಿ. ಮೊದಲ ದಿನ ಕಾಂಕ್ರೀಟೇ ಕುಡಿಯುತ್ತೆ, ಲೆಕ್ಕಕ್ಕೆ ಇಡಬೇಡಿ. ಎರಡನೇ ದಿನ ತೊಟ್ಟಿಗೂ ಪಕ್ಕದಲ್ಲಿಟ್ಟ ಒಂದು ಬಕೆಟ್ ನೀರಿಗೂ ಗೆರೆ ಹಾಕಿ. ಬಕೆಟ್‌ಗಿಂತ ತೊಟ್ಟಿಯಲ್ಲಿ ಜಾಸ್ತಿ ಇಳಿದರೆ ಇನ್ನೂ ಸೋರ್ತಿದೆ. ಬಕೆಟ್ ನೀರು ಇಳಿಯೋದು ಆವಿಯಾಗಿ ಮಾತ್ರ.