ಭಾನುವಾರ ಬಿಳಿ ಬಸ್ಸಿನಲ್ಲಿ ಬರುವವರ ಕುಟುಂಬಗಳು ಎಲ್ಲಿವೆ? ಎಚ್-2ಎ ಕೃಷಿ ಕಾರ್ಮಿಕರ ಬಗ್ಗೆ ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಈ ವರ್ಷ ನಾರ್ತ್ ಕ್ಯಾರೊಲೈನಾದ ರಾಲಿಯಿಂದ ಒಂದು ಗಂಟೆ ದೂರದ ಊರಿಗೆ ಮನೆ ಬದಲಾಯಿಸಿದೆವು. ಪ್ರತಿ ಭಾನುವಾರ ಸಂಜೆ ಬಿಳಿ ಬಣ್ಣ ಬಳಿದ ಹಳೆಯ ಶಾಲಾ ಬಸ್ಸೊಂದರಲ್ಲಿ ಮೂವತ್ತು ನಲವತ್ತು ಮೆಕ್ಸಿಕೋ ಗಂಡಸರು ಅಂಗಡಿಗೆ ಬಂದು, ವಾರದ ದಿನಸಿ ಕೊಂಡು, ಊರಿಗೆ ಹಣ ಕಳಿಸುವ ಕೌಂಟರಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ. ಜೊತೆಯಲ್ಲಿ ಒಬ್ಬ ಹೆಂಗಸಾಗಲಿ ಮಗುವಾಗಲಿ ಕಾಣುವುದಿಲ್ಲ. ಇವರದು ಎಚ್-2ಎ ವೀಸಾ ಎಂದು ಪಕ್ಕದ ಮನೆಯವರು ಹೇಳಿದರು. ಕಂಪನಿ ಕೆಲಸಕ್ಕೆ ಬಂದ ನಮ್ಮಂಥವರ ಎಚ್-1ಬಿಯಂತೆ ಇದೂ ಒಂದು ವೀಸಾ ಆಗಿದ್ದರೆ, ಇವರು ಸಂಸಾರವನ್ನು ಏಕೆ ಕರೆತರುವುದಿಲ್ಲ?

ಉತ್ತರ: ನಮಸ್ಕಾರ. ಹದಿನೈದು ವರ್ಷಗಳಿಂದ ಈ ಕಾರ್ಮಿಕರ ಕೂಲಿಯ ಮೊಕದ್ದಮೆಗಳನ್ನೇ ನಡೆಸುತ್ತಿರುವ ನನಗೆ ನಿಮ್ಮ ಪ್ರಶ್ನೆ ತುಂಬಾ ಹತ್ತಿರದ್ದು. ಎರಡೂ ವೀಸಾಗಳ ಬೇರು 1952ರ ವಲಸೆ ಕಾಯ್ದೆಯಲ್ಲೇ ಇದೆ. 1986ರ ಕಾನೂನು ಹೊಲದ ಕೆಲಸಕ್ಕೆಂದು ಎಚ್-2ಎ ಎಂಬ ಪ್ರತ್ಯೇಕ ವಿಭಾಗವನ್ನು ಮಾಡಿತು. ಕಾಗದದ ಮೇಲೆ ಇವರ ಹೆಂಡತಿ ಮಕ್ಕಳಿಗೂ ನಮಗೆಲ್ಲ ಪರಿಚಿತವಾದ ಎಚ್-4, ಅಂದರೆ ಅವಲಂಬಿತರ ವೀಸಾ, ಸಿಗಬಹುದು. ಆದರೆ ಆ ವೀಸಾದಲ್ಲಿ ಬಂದ ಹೆಂಡತಿ ಇಲ್ಲಿ ಕೂಲಿ ಮಾಡುವಂತಿಲ್ಲ, ಮತ್ತು ಮಾಲೀಕರು ಬಾಡಿಗೆಯಿಲ್ಲದೆ ಕೊಡಬೇಕಾದ ವಸತಿ ಬಹುಪಾಲು ಒಂದೇ ಕೋಣೆಯಲ್ಲಿ ಹಲವು ಮಂಚಗಳಿರುವ ಶಿಬಿರವಾದ್ದರಿಂದ ಅಲ್ಲಿ ಸಂಸಾರ ಹೂಡಲು ಜಾಗವೇ ಇರುವುದಿಲ್ಲ. ಕೆಲಸ ಹಂಗಾಮಿನದ್ದು ಎಂಬ ಷರತ್ತಿನ ಮೇಲೆಯೇ ವೀಸಾ ನಿಂತಿರುವುದರಿಂದ, ಇಪ್ಪತ್ತು ವರ್ಷ ಸತತವಾಗಿ ಬಂದು ದುಡಿದರೂ ಆ ದುಡಿಮೆಯಿಂದ ಗ್ರೀನ್ ಕಾರ್ಡಿನತ್ತ ದಾರಿ ತೆರೆಯುವುದಿಲ್ಲ.

2023ರ ಆರ್ಥಿಕ ವರ್ಷದಲ್ಲಿ ಇಂಥ ವೀಸಾಗಳು ಮೂರು ಲಕ್ಷಕ್ಕೂ ಹೆಚ್ಚು ನೀಡಲ್ಪಟ್ಟವು. ಹತ್ತರಲ್ಲಿ ಸುಮಾರು ಒಂಬತ್ತು ಮೆಕ್ಸಿಕೋದವರಿಗೆ. ಅವರು ಏಕೆ ಬರುತ್ತಾರೆಂಬುದನ್ನು ಎರಡು ಅಂಕಿಗಳು ಹೇಳುತ್ತವೆ. 2024ರಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ ಈ ವೀಸಾದವರಿಗೆ ಕೊಡಬೇಕಾಗಿದ್ದ ಕನಿಷ್ಠ ಕೂಲಿ ಗಂಟೆಗೆ 15.81 ಡಾಲರ್; ಅದೇ ವರ್ಷ ಮೆಕ್ಸಿಕೋದ ಬಹುಭಾಗದಲ್ಲಿ ಕನಿಷ್ಠ ಕೂಲಿ ದಿನಕ್ಕೆ 248.93 ಪೆಸೊ, ಅಂದರೆ ವರ್ಷದ ಆರಂಭದ ವಿನಿಮಯ ದರದಲ್ಲಿ ಸುಮಾರು 15 ಡಾಲರ್. ಇಲ್ಲಿಯ ಒಂದು ಗಂಟೆ ಅಲ್ಲಿಯ ಒಂದು ದಿನಕ್ಕೆ ಸಮವಾದಾಗ, ಏಪ್ರಿಲ್‌ನಲ್ಲಿ ಮನೆ ಬಿಟ್ಟು ನವೆಂಬರ್‌ನಲ್ಲಿ ಮರಳುವ ಬದುಕನ್ನು ಒಪ್ಪಿಕೊಳ್ಳುವವರನ್ನು ನಾನು ತಪ್ಪೆನ್ನಲಾರೆ. ಆ ಹಣದಿಂದಲೇ ಗ್ವಾನಹ್ವಾತೊ, ಸಾನ್ ಲೂಯಿಸ್ ಪೊತೊಸಿ ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಮನೆಗಳು ಇಟ್ಟಿಗೆಯ ಮನೆಗಳಾಗಿವೆ, ಮಕ್ಕಳು ಹೈಸ್ಕೂಲು ದಾಟಿದ್ದಾರೆ. ಆದರೆ ನನ್ನಲ್ಲಿಗೆ ಬಂದ ಒಬ್ಬರು ಒಮ್ಮೆ ಲೆಕ್ಕ ಹಾಕಿ ಹೇಳಿದ್ದರು: ಅವರ ಮಗಳು ಹುಟ್ಟಿದ್ದು ಜುಲೈನಲ್ಲಿ, ಅವಳಿಗೆ ಹದಿನಾರು ತುಂಬಿದೆ, ಒಂದು ಹುಟ್ಟುಹಬ್ಬದ ದಿನವೂ ಅವರು ಮನೆಯಲ್ಲಿರಲಿಲ್ಲ. ಗಂಡ ಇಲ್ಲದ ಎಂಟು ತಿಂಗಳು ಜೋಳದ ಹೊಲ, ಅತ್ತೆ ಮಾವಂದಿರ ಔಷಧಿ, ಶಾಲೆಯ ಸಭೆ, ಸಾಲದವರ ತಗಾದೆ ಎಲ್ಲವನ್ನೂ ಹೆಂಡತಿಯೇ ನೋಡಿಕೊಳ್ಳುತ್ತಾಳೆ; ಆ ದುಡಿಮೆಗೆ ಯಾವ ಒಪ್ಪಂದದಲ್ಲೂ ಕೂಲಿ ಬರೆದಿಲ್ಲ.

ಪ್ರಶ್ನೆ: ಸಾಲದವರ ತಗಾದೆ ಎಂದಿರಿ. ಪ್ರಯಾಣದ ಖರ್ಚನ್ನು ಮಾಲೀಕರೇ ಕೊಡುತ್ತಾರಲ್ಲವೇ?

ಉತ್ತರ: ಕೊಡಬೇಕು, ನಿಜ. ಒಪ್ಪಂದದ ಅರ್ಧ ಅವಧಿ ಮುಗಿದಾಗ ಬಂದ ಖರ್ಚನ್ನು, ಪೂರ್ತಿ ಮುಗಿದಾಗ ಹಿಂದಿರುಗುವ ಖರ್ಚನ್ನು ಮಾಲೀಕರು ಭರಿಸಬೇಕು. ಒಪ್ಪಂದದಲ್ಲಿ ಹೇಳಿದ ಗಂಟೆಗಳಲ್ಲಿ ಮುಕ್ಕಾಲು ಪಾಲಿನಷ್ಟಾದರೂ ಕೆಲಸ ಕೊಡಬೇಕು, ಇಲ್ಲವಾದರೆ ಅಷ್ಟು ಕೂಲಿ ಕಟ್ಟಿಕೊಡಬೇಕು. ನೇಮಕಕ್ಕೆಂದು ಕಾರ್ಮಿಕರಿಂದ ಹಣ ವಸೂಲು ಮಾಡುವುದು ನಿಷಿದ್ಧ. ಆದರೂ ಹಳ್ಳಿಯ ದಲ್ಲಾಳಿ ಕೆಲಸಕ್ಕೆ ಕರೆಯುವವರ ಪಟ್ಟಿಯಲ್ಲಿ ಹೆಸರು ಸೇರಿಸಲು ಹಣ ಕೇಳುತ್ತಾನೆ, ಅದಕ್ಕಾಗಿ ಮನೆಯವರು ಬಡ್ಡಿಗೆ ಸಾಲ ತರುತ್ತಾರೆ, ಮೊದಲ ಒಂದೆರಡು ತಿಂಗಳ ದುಡಿಮೆ ಆ ಸಾಲಕ್ಕೇ ಹೋಗುತ್ತದೆ.

ಕಾನೂನು ಇದ್ದೂ ಇದು ನಿಲ್ಲದಿರುವುದಕ್ಕೆ ಕಾರಣ ನನ್ನ ದೃಷ್ಟಿಯಲ್ಲಿ ಒಂದೇ: ವೀಸಾ ಒಬ್ಬ ಮಾಲೀಕನಿಗೆ ಕಟ್ಟಿದ್ದು, ಮುಂದಿನ ವರ್ಷ ಕರೆಯಬೇಕೋ ಬೇಡವೋ ಎಂಬುದು ಅವನ ಇಷ್ಟ. ಎಚ್-1ಬಿಯವರು ಕೆಲಸ ಕಳೆದುಕೊಂಡಾಗ, ಬೇರೆ ಕೆಲಸ ಹುಡುಕಿಕೊಳ್ಳಲು ಸಿಗುವ 60 ದಿನಗಳ ಗಡುವಿಗೆ ಎಷ್ಟು ಹೆದರುತ್ತಾರೆಂದು ಇಲ್ಲಿಯ ಕನ್ನಡಿಗರಿಗೆಲ್ಲ ಗೊತ್ತು. ಎಚ್-2ಎಯವರಿಗೆ ಅಷ್ಟು ಕಾಲಾವಕಾಶವನ್ನಾದರೂ ಕೊಟ್ಟ ನಿಯಮ ಜಾರಿಗೆ ಬಂದದ್ದು 2025ರ ಜನವರಿಯಲ್ಲಿ. ಈ ರಾಜ್ಯದಲ್ಲಿ ಸ್ಥಿತಿ ಸ್ವಲ್ಪ ಬದಲಾದದ್ದು 2004ರಲ್ಲಿ, ಫಾರ್ಮ್ ಲೇಬರ್ ಆರ್ಗನೈಸಿಂಗ್ ಕಮಿಟಿ ಎಂಬ ಸಂಘ ಇಲ್ಲಿಯ ರೈತರಿಂದ ಸೌತೆಕಾಯಿ ಕೊಳ್ಳುವ ಮೌಂಟ್ ಆಲಿವ್ ಕಂಪನಿಯ ಉಪ್ಪಿನಕಾಯಿಯ ಬಹಿಷ್ಕಾರವನ್ನು ಐದು ವರ್ಷ ನಡೆಸಿ ರೈತಮಾಲೀಕರ ಸಂಘದೊಂದಿಗೆ ಒಪ್ಪಂದ ಮಾಡಿಕೊಂಡಾಗ. ಅದಾಗಿ ಮೂರು ವರ್ಷ ತುಂಬುವ ಮುನ್ನವೇ, 2007ರ ಏಪ್ರಿಲ್‌ನಲ್ಲಿ, ಆ ಕಾರ್ಮಿಕ ಸಂಘದ ಕಾರ್ಯಕರ್ತ ಸಾಂತಿಯಾಗೊ ರಫಾಯೆಲ್ ಕ್ರೂಸ್ ಅವರನ್ನು ಮೆಕ್ಸಿಕೋದ ಮೊಂತೆರೆಯ್‌ನಲ್ಲಿದ್ದ ಸಂಘದ ಕಚೇರಿಯಲ್ಲೇ ಕೊಲ್ಲಲಾಯಿತು.

ಪ್ರಶ್ನೆ: ನಮ್ಮದು ಪಿರಿಯಾಪಟ್ಟಣ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆ. ಇಬ್ಬನಿ ಆರುವ ಮುಂಚೆ ಸೊಪ್ಪು ಮುರಿದರೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಇಲ್ಲಿ ಹೊಗೆಸೊಪ್ಪು ಮುರಿಯುವ ಈ ಕಾರ್ಮಿಕರಿಗೂ ಹಾಗೆ ಆಗುತ್ತದೆಯೇ ಮೇಡಂ?

ಉತ್ತರ: ಆಗುತ್ತದೆ ಸರ್, ಅದೇ ಕಾಯಿಲೆ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಸೇರುವುದರಿಂದ ಬರುವಂಥದ್ದು. ಉದ್ದ ತೋಳಿನ ಅಂಗಿ, ಕೈಗವಸು, ಮಳೆಯಂಗಿ ಇದ್ದರೆ ತಡೆಯಬಹುದು, ಆದರೆ ಜುಲೈ ತಿಂಗಳ ಸೆಕೆಯಲ್ಲಿ ಮಳೆಯಂಗಿ ತೊಟ್ಟರೆ ಬಿಸಿಲಿನ ಆಘಾತವಾಗುವ ಭಯ. ಹೊಲದಿಂದ ಹೊರಬಂದು, ಸೋಪು ಹಚ್ಚಿ ಮೈ ತೊಳೆದು, ಒಣಬಟ್ಟೆ ತೊಟ್ಟು, ನೀರು ಕುಡಿದು ನೆರಳಿನಲ್ಲಿ ಮಲಗಬೇಕು. ನಿಮ್ಮ ಮನೆಯವರು ತಮ್ಮದೇ ಹೊಲದಲ್ಲಿ ಬಿಸಿಲೇರುವವರೆಗೆ ಕಾಯಬಹುದಿತ್ತು. ಇವರು ಆ ದಿನ ಕೆಲಸ ನಿಲ್ಲಿಸಿದರೆ ಸೋಮಾರಿ ಎನಿಸಿಕೊಂಡೇವೆಂದು ಹೆದರಿ, ವಾಂತಿ ಮಾಡಿಕೊಂಡು ಮತ್ತೆ ಸಾಲಿಗೆ ಇಳಿಯುತ್ತಾರೆ.

ಪ್ರಶ್ನೆ: ನಮ್ಮ ಕನ್ನಡ ಸಂಘದಿಂದ ಏನಾದರೂ ಮಾಡಬಹುದೇ?

ಉತ್ತರ: ವಲಸೆ ಕಾರ್ಮಿಕರ ಆರೋಗ್ಯ ಕೇಂದ್ರಗಳಲ್ಲಿ ವರಮಾನಕ್ಕೆ ತಕ್ಕ ಶುಲ್ಕದಲ್ಲಿ ಚಿಕಿತ್ಸೆ ಸಿಗುತ್ತದೆ, ಒಪ್ಪಂದದ ತಕರಾರುಗಳಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕೂ ಇವರಿಗಿದೆ. ಕೊರತೆ ಇರುವುದು ಶಿಬಿರದಿಂದ ಅಲ್ಲಿಗೆ ಹೋಗುವ ವಾಹನಕ್ಕೆ. ಸಂಜೆ ಹೊತ್ತು ಕಾರು ಓಡಿಸಬಲ್ಲವರು, ಸ್ಪ್ಯಾನಿಷ್ ಬಲ್ಲವರು ಹತ್ತಿರದ ಕೇಂದ್ರದಲ್ಲಿ ಹೆಸರು ಕೊಡಿ. ಒಂದು ಮಾತನ್ನು ದಯವಿಟ್ಟು ಮರೆಯಬೇಡಿ: ಸಹಾಯ ಮಾಡಿದ ದಿನದ ಫೋಟೋಗಳನ್ನು ಎಲ್ಲಿಯೂ ಹಾಕಬೇಡಿ. ಹೊರಗಿನವರೊಂದಿಗೆ ಮಾತಾಡಿದವರು ಯಾರೆಂದು ಮುಖ ನೋಡಿ ಗುರುತಿಸಿದರೆ, ಮುಂದಿನ ಏಪ್ರಿಲ್‌ನ ಪಟ್ಟಿಯಲ್ಲಿ ಅವರ ಹೆಸರು ಇರದೆ ಹೋಗಬಹುದು.