ಸಹಾಯ ಬೇಕು: ಡೈರೆಕ್ಟರ್ ಮಾತು ಮುಂದೆ, ಸಿನಿಮಾ ಹಿಂದೆ

ಎಲ್ರಿಗೂ ನಮಸ್ಕಾರ. ನಂಗೆ ಹಳೇ ಸಿನಿಮಾಗಳನ್ನ ಮತ್ತೆ ಮತ್ತೆ ನೋಡೋ ಹುಚ್ಚು, ಅದ್ರಲ್ಲೂ ತೆರೆ ಹಿಂದಿನ ಕಥೆ ಗೊತ್ತಾದ್ಮೇಲೆ ನೋಡೋ ಮಜಾನೇ ಬೇರೆ. 1960ರ ‘ಸೈಕೋ’ದಲ್ಲಿ ಶವರ್ ಕೆಳಗೆ ಹರಿಯೋ ರಕ್ತ ಚಾಕಲೇಟ್ ಸಿರಪ್ ಅಂತ ಗೊತ್ತಿದ್ರೂ ಪ್ರತಿ ಸಲ ಮೈ ಜುಂ ಅನ್ನುತ್ತೆ ನೋಡಿ!

ಈಗ ವಿಷ್ಯಕ್ಕೆ ಬರ್ತೀನಿ. ಇನ್ನೊಂದು ಫೇವರಿಟ್ ಸಿನಿಮಾದ ಡೈರೆಕ್ಟರ್ ಕಾಮೆಂಟರಿ (ಸಿನಿಮಾ ಓಡ್ತಿರೋವಾಗ್ಲೇ ಡೈರೆಕ್ಟರ್ ಅದ್ರ ಬಗ್ಗೆ ಮಾತಾಡೋ ಆಡಿಯೋ) ನನ್ ಹತ್ರ ಇರೋ ಪಾಲ್ (PAL ಅನ್ನೋ ಟಿವಿ ಫಾರ್ಮ್ಯಾಟ್) ಡಿವಿಡಿಲಿ ಮಾತ್ರ ಇದೆ, ಬ್ಲೂರೇಲಿ ಇಲ್ಲ. ಸರಿ ಅಂತ ಆ ಆಡಿಯೋನ ಫೋನಿಗೆ ಹಾಕ್ಕೊಂಡು ಟಿವಿಲಿ ಬ್ಲೂರೇ ಬಿಟ್ಟು ಎರಡನ್ನೂ ಒಟ್ಟಿಗೆ ಶುರು ಮಾಡ್ದೆ, ಮೊದ್ಲು ಪಕ್ಕಾ ಇತ್ತು, ಅರ್ಧ ಗಂಟೆ ಆಗೋಷ್ಟ್ರಲ್ಲಿ ಕಾಮೆಂಟರಿ ಒಂದು ನಿಮಿಷಕ್ಕಿಂತ ಜಾಸ್ತಿ ಮುಂದೆ ಓಡ್ಬಿಟ್ಟಿದೆ. ಹೀರೋ ಇನ್ನೂ ಬಾಗಿಲು ತಟ್ತಿದಾನೆ, ಡೈರೆಕ್ಟರ್ ಆಗ್ಲೇ ಒಳಗಿನ ಸೆಟ್ ಬಗ್ಗೆ ಹೇಳಿ ಮುಗಿಸಿದಾರೆ.

ಹುಡುಕಿದಾಗ ಗೊತ್ತಾಗಿದ್ದು, ಪಾಲ್ ಡಿವಿಡಿ ಸೆಕೆಂಡಿಗೆ 25 ಫ್ರೇಮ್ (ಚಿತ್ರ), ಬ್ಲೂರೇ 24, ಅದಕ್ಕೇ ಡಿವಿಡಿಯ ಆಡಿಯೋ ಸ್ವಲ್ಪ ವೇಗವಾಗಿ ಓಡುತ್ತೆ; ಸರಿ ಹೊಂದ್ಬೇಕಂದ್ರೆ ಅದನ್ನ 24/25, ಅಂದ್ರೆ 0.96 ಸ್ಪೀಡಲ್ಲಿ ಬಿಡ್ಬೇಕು. ಆಡಿಯೋ ನಿಲ್ಸಿ ನಿಲ್ಸಿ ಸಾಕಾಯ್ತು. ಸ್ಪೀಡ್ 0.95 ಇಟ್ರೆ ಮಾತು ಹಿಂದೆ ಬೀಳುತ್ತೆ, ನನ್ನ ಆ್ಯಪಲ್ಲಿ 0.96 ಇಲ್ವೇ ಇಲ್ಲ.

ಆಡಿಯೋ ಫೈಲನ್ನೇ ಕರೆಕ್ಟಾಗಿ 0.96ಕ್ಕೆ ನಿಧಾನ ಮಾಡಿ ಸೇವ್ ಮಾಡೋಕೆ ಯಾವ ಫ್ರೀ ಸಾಫ್ಟ್‌ವೇರ್ ಬಳಸ್ಲಿ, ಅದ್ರಲ್ಲಿ ಯಾವ ಸೆಟ್ಟಿಂಗ್ ಒತ್ಬೇಕು?