ರಬ್ಬರ್ ಎಳೆದ ಗನ್ನು ನೀರಿಂದ ಮೇಲೆ ಬರಬಾರದು

ಹಾಂ, ಕೇಳ್ತದಾ? ಟೈಪ್ ಮಾಡ್ಲಿಕ್ಕೆ ಕೂತ್ರೆ ಬೆಳಗಾಗ್ತದೆ, ಹಾಗೆ ಮಾತಾಡಿಯೇ ಕಳಿಸ್ತೇನೆ. ಮಗಾ, ನಿನ್ನ ಮೆಸೇಜು ನೋಡಿದೆ. ಸಣ್ಣವ ಗೆಳೆಯನ ಜೊತೆ ಶನಿವಾರ ರಾತ್ರಿ ಕಾಪು ಲೈಟ್‌ಹೌಸ್ ಹತ್ರ ಮುಳುಗಿ ಮೀನು ಹೊಡೀಲಿಕ್ಕೆ ಹೋಗ್ತಾನೆ, ದುಬೈಯಿಂದ ಬಂದ ಎರಡು ಸ್ಪಿಯರ್‌ಗನ್, ಅದೇ ರಬ್ಬರ್ ಎಳೆದು ಚೂಪು ಕಂಬಿ ಹಾರಿಸುವ ಗನ್ನು, ಉಂಟು, ಒಂದು ಟಾರ್ಚ್ ಸಾಕಾ ಅಂತ ಕೇಳಿದ್ದೀ. ಟಾರ್ಚಿಂದು ಇರ್ಲಿ, ಮೊದಲು ಗನ್ನಿಂದು ಕೇಳು.

ಪಡುಮನೆ ಭಾವನ ಮಗ ಮದುವೆಯಲ್ಲಿ ಯಾಕೆ ಕುಂಟ್ತಿದ್ದ ಅಂತ ನಿಮಗೆಲ್ಲ ಗೊತ್ತುಂಟಲ್ಲ. ಆ ರಾತ್ರಿ ಕಲ್ಲಿನ ಮೇಲೆ ಬೆಳಕು ಹಿಡಿದು ನಿಂತದ್ದು ನಾನೇ. ಅವನೂ ಅವನ ಗೆಳೆಯನೂ, ಇಬ್ಬರ ಕೈಯಲ್ಲೂ ಗನ್ನು. ಕಲ್ಲು ಹತ್ತುವಾಗ ಗೆಳೆಯನ ಗನ್ನಿನ ರಬ್ಬರ್ ಎಳೆದೇ ಇತ್ತು. ಕೇಳಿದ್ರೆ ಸೇಫ್ಟಿ ಹಾಕಿದ್ದೇನೆ ಅಂತಾನೆ. ಸೇಫ್ಟಿ ತಡೆಯುದು ಟ್ರಿಗರನ್ನು ಮಾತ್ರ ಮಾರಾಯ್ತಿ, ಒಳಗೆ ಕಂಬಿಯನ್ನು ಹಿಡಿದ ಕೊಂಡಿಯನ್ನಲ್ಲ. ಅದರಲ್ಲಿ ಮರಳು ಕೂತಿದ್ರೆ, ಗನ್ನು ಕಲ್ಲಿಗೆ ಬಡಿದ್ರೆ ಬಿಟ್ಟುಬಿಡ್ಬಹುದು. ಒಂದು ತೆರೆ ಬಂತು, ಅವ ಜಾರಿದ, ಟಕ್ ಅಂತ ಒಂದೇ ಶಬ್ದ. ಕಂಬಿ ಭಾವನ ಮಗನ ತೊಡೆಗೆ ಹೊಕ್ಕಿತ್ತು. ಎಳೀಲಿಕ್ಕೆ ಕೈ ಹಾಕಿದವನಿಗೆ ಸಮಾ ಬೈದೆ. ತುದಿಯ ಮುಳ್ಳು ಒಳಗೆ ಅರಳಿರ್ತದೆ, ಎಳೆದ್ರೆ ಮಾಂಸ ಹರೀತದೆ, ರಕ್ತ ಹಿಡಿದು ನಿಲ್ಲಿಸಿದ್ದು ಆ ಕಂಬಿಯೇ. ಗನ್ನಿಗೂ ಕಂಬಿಗೂ ಕಟ್ಟಿದ ದಾರ ಕತ್ತರಿಸಿ, ಕಂಬಿಯ ಸುತ್ತ ಬೈರಾಸು ಒತ್ತಿ, ಅಲುಗದ ಹಾಗೆ ಕಟ್ಟಿ ಹಾಗೇ ಆಸ್ಪತ್ರೆಗೆ ತಕೊಂಡು ಹೋದದ್ದು.

ಹಾಗಾಗಿ, ರಬ್ಬರ್ ಎಳೆದ ಗನ್ನು ನೀರಿಂದ ಮೇಲೆ ಬರಬಾರದು. ಎಳೆಯುದೂ ನೀರೊಳಗೆ, ಇಳಿಸುದೂ ನೀರೊಳಗೆ. ದಡಕ್ಕೆ ತಿರುಗುವ ಮೊದಲೇ, ತುದಿ ಪಡುವಕ್ಕೆ, ಕಡಲ ಕಡೆ ಮಾಡಿ, ಒಂದೊಂದೇ ರಬ್ಬರ್ ಕಳಚಬೇಕು. ಮತ್ತೆ, ಇಬ್ಬರಿಗೆ ಒಂದೇ ಗನ್ನು. ಒಬ್ಬ ಕೆಳಗೆ ಹೋದಾಗ ಇನ್ನೊಬ್ಬ ಮೇಲೆ ಅವನ ಬೆಳಕನ್ನೇ ನೋಡ್ತಾ ಇರ್ಬೇಕು, ಮೇಲೆ ಬಂದ ಮೇಲೂ ಅರ್ಧ ನಿಮಿಷ ಕಣ್ಣು ತೆಗೀಬಾರದು. ಉಸಿರು ಕಟ್ಟಿ ಮುಳುಗುವವರಿಗೆ ಎಚ್ಚರ ತಪ್ಪುದು ಹೆಚ್ಚಾಗಿ ಮೇಲೆ ಬರುವಾಗ, ಇಲ್ಲದಿದ್ರೆ ಬಂದ ಮೇಲೆ. ಮುಳುಗುವ ಮೊದಲು ಜೋರುಜೋರಾಗಿ ಉಸಿರು ಎಳೆದು ಬಿಡುವ ಚಾಳಿ ಇದ್ರೆ ಬಿಡ್ಲಿಕ್ಕೆ ಹೇಳು. ಅದರಿಂದ ಆಮ್ಲಜನಕ ಹೆಚ್ಚಾಗುದಿಲ್ಲ, ಉಸಿರು ಬೇಕು ಅಂತ ಎದೆ ಒದ್ದಾಡುದು ಮಾತ್ರ ತಡವಾಗ್ತದೆ. ಕೆಳಗೆ ಇದ್ದದ್ದರ ಎರಡರಷ್ಟು ಹೊತ್ತು ಮೇಲೆ ಸುಧಾರಿಸಬೇಕು.

ಗನ್ನು 75 ಸೆಂಟಿಮೀಟರಿಗಿಂತ ಉದ್ದ ಬೇಡ. ರಾತ್ರಿ ನಮ್ಮ ಕಡಲಲ್ಲಿ ಕಾಣುದೇ ಎರಡು ಮೂರು ಮೀಟರ್. ಮುರು ಮೀನು ಕಲ್ಲಿನ ಸಂದಿಯಲ್ಲಿ ಇರ್ತದೆ, ತಪ್ಪಿದ್ರೆ ಕಂಬಿ ಕಲ್ಲಿಗೆ ಹೊಡೆದು ಎಲ್ಲಿಗೆ ಹಾರ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ.

ಈಗ ಮೀನಾದ್ರೂ ಎಲ್ಲುಂಟು ಬಿಡು. ದೊಡ್ಡ ದೀಪ ಹಾಕಿ ಮೀನು ಸೆಳೆದು ಹಿಡಿಯುವ ಲೈಟ್ ಫಿಶಿಂಗ್ 2017ರಲ್ಲೇ ನಿಷೇಧ ಆದದ್ದು, ರಾತ್ರಿ ಪಡುವಕ್ಕೆ ನೋಡಿದ್ರೆ ಭೂತಕೋಲದ ಗದ್ದೆಯ ಹಾಗೆ ಬೆಳಕು. ನಾವು ನಾಡದೋಣಿಯವರು ಮನವಿ ಕೊಟ್ಟು ಕೊಟ್ಟು ಕೈ ಸೋತಿತು. ಕಲ್ಲಿಗೆ ಸಿಕ್ಕಿದ ಬಲೆಯನ್ನಾದ್ರೂ ಎತ್ತಿಕೊಂಡು ಹೋಗ್ತಾರಾ? ಕತ್ತರಿಸಿ ಬಿಟ್ಟು ಹೋಗುದು. ಆ ನೈಲಾನ್ ಟಾರ್ಚ್ ಬೆಳಕಿಗೂ ಕಾಣುದಿಲ್ಲ, ಕಾಲಿಗೆ ಸುತ್ತಿದ ಮೇಲೆಯೇ ಗೊತ್ತಾಗುದು. ಚಾಕು ಸಾಲದು, ಸ್ಟೀಲಿನ ಕತ್ತರಿಯೂ ಬೇಕು, ಯಾವ ಕೈಗೂ ಸಿಗುವ ಹಾಗೆ ಎದುರಿಗೆ.

ಮತ್ತೊಮ್ಮೆ ಹೇಳ್ತೇನೆ, ರಬ್ಬರ್ ಎಳೆದ ಗನ್ನು ನೀರಿಂದ ಮೇಲೆ ಬರಬಾರದು.

ಹಾಂ, ಟಾರ್ಚು! ಅದನ್ನೇ ಅಲ್ವಾ ನೀನು ಕೇಳಿದ್ದು. ಒಂದು ಸಾಲದು. ಒಬ್ಬೊಬ್ಬನಿಗೆ ಎರಡೆರಡು, ದಾರದಲ್ಲಿ ಕೈಗೆ ಕಟ್ಟಿದ್ದು. ಪೆಟ್ಟಿಗೆಯಲ್ಲಿ ಐಪಿ 67 ಅಂತ ಇದ್ರೆ ಬೇಡ, ಅದು 1 ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುವ ಲೆಕ್ಕ ಮಾತ್ರ. ಡೈವಿಂಗಿನದ್ದೇ ಬೇಕು. ಬೆಳಕು ಸಪೂರ ಇರ್ಲಿ, ಅಗಲ ಬೆಳಕು ಕೆಸರು ನೀರಲ್ಲಿ ಮಂಜಿಗೆ ಹೆಡ್‌ಲೈಟ್ ಹಾಕಿದ ಹಾಗೆ ಕಣ್ಣಿಗೇ ತಿರುಗಿ ಹೊಡೀತದೆ. ಟಾರ್ಚಿಗೆ ಸೆಲ್ ಮನೆಯಲ್ಲೇ ಹಾಕಿ ಹೊರಡ್ಬೇಕು. ಮುಚ್ಚಳದ ರಬ್ಬರ್ ಬಳೆ ಒರೆಸಿ ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಬೇಕು, ಒಂದು ಕೂದಲು ಸಿಕ್ಕಿದ್ರೂ ನೀರು ಒಳಗೆ. ಗುರುತಿಗೆ ನೀರ ಮೇಲೆ ಬಿಡುವ ತೇಲುವ ಬುರುಡೆಗೆ ಮಿಣುಕುವ ದೀಪ ಕಟ್ಲಿ, ಇಲ್ಲದಿದ್ರೆ ದೋಣಿಯವರಿಗೆ ಇವರು ಕಾಣುದು ಹೇಗೆ? ಹೊಡೆದ ಮೀನೂ ಆ ಬುರುಡೆಗೇ, ಸೊಂಟಕ್ಕಲ್ಲ. ದಡದಲ್ಲಿ ಎರಡು ದೀಪ ಹಿಂದೆಮುಂದೆ ಇಟ್ರೆ, ಎರಡೂ ಒಂದೇ ಗೆರೆಯಲ್ಲಿ ಕಂಡಲ್ಲಿ ದಾರಿ. ತೊರಕೆ ಮೀನಿನ ಬಾಲದ ಮುಳ್ಳು ಕಾಲಿಗೆ ಚುಚ್ಚಿದ್ರೆ ತಡೆಯುವಷ್ಟು ಬಿಸಿನೀರಲ್ಲಿ ಕಾಲು ಇಡುದು, ಒಂದು ಗಂಟೆ, ಆಮೇಲೆ ಡಾಕ್ಟ್ರು. ದಡದಲ್ಲಿ ಒಬ್ಬ ಫೋನ್ ಹಿಡಿದು ಕೂತಿರ್ಲಿ, ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554.

ಈ ಶನಿವಾರ ಬೇಡ ಅಂತಲೇ ನಾನು ಹೇಳುದು. ಅದೇ ಕಲ್ಲಿಗೆ ಮೊದಲು ಹಗಲಲ್ಲಿ ನಾಲ್ಕು ಸಲ ಇಳೀಲಿ. ಇನ್ನೊಂದು ಗನ್ನು ನಮ್ಮಲ್ಲಿಗೆ ತಂದು ಕೊಡ್ಲಿಕ್ಕೆ ಹೇಳು, ಅಟ್ಟದಲ್ಲಿ ಜಾಗ ಉಂಟು.